ಬಲ್‌ಅಮ್: ಒಂದು ಹೆಸರಿನ ಅರ್ಥ ಹುಡುಕುತ್ತಾ

ಕೆಲವು ವರ್ಷಗಳ ಹಿಂದೆ ನಾವೊಂದು ಕತೆ ಬರೆದಿದ್ದೆವು. ಅದರಲ್ಲಿ ಒಬ್ಬ ಮೌಲವಿ ಬರುತ್ತಾನೆ. ಚೆನ್ನಾಗಿ ಓದಿಕೊಂಡವನು, ಒಳ್ಳೆಯ ಮಾತುಗಾರ. ಆದರೆ ಚುನಾವಣೆ ಬಂತೆಂದರೆ ಯಾರ ಜೀಪು ಮನೆಯ ಮುಂದೆ ಬಂದು ನಿಲ್ಲುತ್ತದೋ ಅವರ ಪರವಾಗಿ ದುಆ ಮಾಡುವವನು. ಕತೆಯ ಕೊನೆಯಲ್ಲಿ ಒಬ್ಬ ಮುದುಕ ಅವನನ್ನು ‘ಬಲ್‌ಅಮ್ ಬಾಊರ್’ ಎಂದು ಕರೆದು ಎದ್ದು ಹೋಗುತ್ತಾನೆ. ಉರ್ದು ಬಲ್ಲವರಿಗೆ ಈ ಬೈಗುಳವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಮ್ ಇದ್ದೂ ದುನಿಯಾದ ಆಸೆಗೆ ಅದನ್ನು ಮಾರಿಕೊಂಡವನಿಗೆ ವಅಜ್‌ಗಳಲ್ಲಿ, ಕರಪತ್ರಗಳಲ್ಲಿ, ಒಂದು ಪಂಗಡದವರು ಇನ್ನೊಂದು ಪಂಗಡದ ಆಲಿಮರ ಮೇಲೆ ಬರೆಯುವ ಪುಸ್ತಿಕೆಗಳಲ್ಲಿ ಸಲೀಸಾಗಿ ಬಳಕೆಯಾಗುವ ಹೆಸರು ಅದು.

ಕತೆಯನ್ನು ಓದಿಸಿಕೊಂಡು ಕೇಳಿದ ನಮ್ಮ ಹಳೆಯ ಉಸ್ತಾದರು ಕತೆಯ ಬಗ್ಗೆ ಒಳ್ಳೆಯದನ್ನಾಗಲಿ ಕೆಟ್ಟದ್ದನ್ನಾಗಲಿ ಹೇಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಬೇಟಾ, ಅಲ್ಲಾಹನು ತನ್ನ ಕಿತಾಬಿನಲ್ಲಿ ಆ ಮನುಷ್ಯನ ಹೆಸರು ಹೇಳಿಲ್ಲ. ನೀನು ಹೇಳಿಬಿಟ್ಟೆಯಲ್ಲ?” ಎಂದರು. ನಮ್ಮ ಬಳಿ ಉತ್ತರವಿರಲಿಲ್ಲ. ಆ ಹೆಸರಿನ ಅರ್ಥವೇನು, ಅದು ಎಲ್ಲಿಂದ ಬಂತು ಎಂಬುದೂ ಆಗ ನಮಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ ಹೆಸರಿನಿಂದ ಒಬ್ಬನನ್ನು ಬೈದಿದ್ದೆವು. ಅಂದಿನಿಂದ ಆಗಾಗ ಕೈಗೆತ್ತಿಕೊಂಡು ಹುಡುಕಿದ್ದನ್ನು ಇಲ್ಲಿ ಓದುಗರ ಮುಂದಿಡುತ್ತಿದ್ದೇವೆ.

ಕನ್ನಡ ಬೈಬಲ್ ಓದಿದವರಿಗೆ ಇವನು ‘ಬಿಳಾಮ’. ಬೆಯೋರನ ಮಗ ಬಿಳಾಮ. ಹೀಬ್ರೂವಿನಲ್ಲಿ ‘ಬಿಲ್‌ಆಮ್’, ಗ್ರೀಕಿನಲ್ಲಿ ‘ಬಲಾಆಮ್’, ಅರಬಿಯಲ್ಲಿ ‘ಬಲ್‌ಅಮ್’. ಹೀಬ್ರೂ ಮತ್ತು ಅರಬಿ ರೂಪಗಳ ನಡುವೆ ‘ಐನ್’ ಎಂಬ ಗಂಟಲಕ್ಷರವಿದೆ. ಕನ್ನಡದ ವರ್ಣಮಾಲೆಯಲ್ಲಿ ಅದಕ್ಕೆ ಜಾಗವಿಲ್ಲದ್ದರಿಂದ ಅದು ಬಿದ್ದುಹೋಗಿ, ಅರಬಿಯಲ್ಲಾಗಲಿ ಹೀಬ್ರೂವಿನಲ್ಲಾಗಲಿ ಇಲ್ಲದ ಒಂದು ‘ಳ’ ಬಂದು ಸೇರಿದೆ. ಇರಲಿ. ಆದರೆ ಹೆಸರಿನ ಅರ್ಥವೆಲ್ಲ ನಿಂತಿರುವುದು ಬಿದ್ದುಹೋದ ಆ ಐನ್‌ನ ಮೇಲೆಯೇ.

ಮೊದಲು ಕತೆಯನ್ನು ನೋಡೋಣ. ಅದು ಬರುವುದು ಅರಣ್ಯಕಾಂಡದ 22ರಿಂದ 24ರವರೆಗಿನ ಅಧ್ಯಾಯಗಳಲ್ಲಿ. ಈಜಿಪ್ಟಿನಿಂದ ಹೊರಟ ಇಸ್ರಾಯೇಲ್ಯರು ಪ್ರವಾದಿ ಮೂಸಾ(ಅ)ರ ನೇತೃತ್ವದಲ್ಲಿ ಜೋರ್ಡನ್ ನದಿಯ ಪೂರ್ವದ ಬಯಲಿನಲ್ಲಿ ಬೀಡುಬಿಟ್ಟಿದ್ದಾರೆ. ಮೋವಾಬಿನ ಅರಸ ಬಾಲಾಕನಿಗೆ ಅವರ ಸಂಖ್ಯೆ ನೋಡಿಯೇ ಭಯ. ಸೈನ್ಯದಿಂದ ಆಗದ್ದನ್ನು ಶಾಪದಿಂದ ಮಾಡಿಸೋಣವೆಂದು ಅವನು ದೂರದ ಪೆತೋರಿನಿಂದ ಬಿಳಾಮನನ್ನು ಕರೆಸುತ್ತಾನೆ. ಬಿಳಾಮ ಹರಸಿದರೆ ಹರಕೆ, ಶಪಿಸಿದರೆ ಶಾಪ ಎಂಬ ಖ್ಯಾತಿ ಇತ್ತು. ಮೊದಲ ಸಲ ಬಂದ ದೂತರನ್ನು ಅವನು ವಾಪಸು ಕಳಿಸುತ್ತಾನೆ. ಎರಡನೆಯ ಸಲ ಬಂದವರಿಗೆ, ಅರಸನು ಮನೆ ತುಂಬ ಬೆಳ್ಳಿ ಬಂಗಾರ ಕೊಟ್ಟರೂ ದೇವರ ಅಪ್ಪಣೆ ಮೀರಲಾರೆ ಎಂದು ಹೇಳಿ, ದೇವರ ಒಪ್ಪಿಗೆ ಸಿಕ್ಕಿದ ಮೇಲೆ ಹೊರಡುತ್ತಾನೆ. ದಾರಿಯಲ್ಲಿ ಕತ್ತಿ ಹಿರಿದು ನಿಂತ ದೇವದೂತ ಅವನ ಹೆಣ್ಣುಕತ್ತೆಗೆ ಕಾಣಿಸುತ್ತಾನೆ, ದಿವ್ಯದೃಷ್ಟಿಯವನೆಂದು ಹೆಸರಾದ ಬಿಳಾಮನಿಗೆ ಕಾಣಿಸುವುದಿಲ್ಲ. ಮೂರು ಸಲ ಹೊಡೆತ ತಿಂದ ಕತ್ತೆ ಕೊನೆಗೆ ಬಾಯಿ ಬಿಟ್ಟು ಮಾತಾಡುತ್ತದೆ. ಅಲ್ಲಿಂದ ಮುಂದೆ ಬಾಲಾಕ ಒಂದಾದ ಮೇಲೊಂದು ಬೆಟ್ಟಕ್ಕೆ ಕರೆದೊಯ್ದು, ಪ್ರತಿಯೊಂದರಲ್ಲೂ ಏಳು ಬಲಿಪೀಠ ಕಟ್ಟಿಸಿ, ಶಪಿಸು ಎನ್ನುತ್ತಾನೆ. ಬಿಳಾಮನ ಬಾಯಿಂದ ಪ್ರತಿಸಲವೂ ಆಶೀರ್ವಾದವೇ ಬರುತ್ತದೆ.

ಈ ಮೂರು ಅಧ್ಯಾಯಗಳನ್ನಷ್ಟೇ ಓದಿದರೆ ಬಿಳಾಮ ಕೆಟ್ಟವನೆಂದು ಹೇಳುವುದು ಕಷ್ಟ. ಹಟಮಾರಿ ಇರಬಹುದು, ಕತ್ತೆಯನ್ನು ಹೊಡೆದ ಸಿಡುಕ ಇರಬಹುದು. ಆದರೆ ಹಣಕ್ಕೆ ಮಾತನ್ನು ಮಾರಿದವನಲ್ಲ. ಅವನು ಇಸ್ರಾಯೇಲ್ಯರ ಗುಡಾರಗಳನ್ನು ಹೊಗಳಿ ಆಡಿದ ಮಾತನ್ನು ಯಹೂದಿಗಳು ಇಂದಿಗೂ ಬೆಳಗ್ಗೆ ತಮ್ಮ ಪ್ರಾರ್ಥನಾಮಂದಿರವನ್ನು ಪ್ರವೇಶಿಸುವಾಗ ಹೇಳಿಕೊಳ್ಳುತ್ತಾರೆ. ಯಾಕೋಬನ ಕುಲದಿಂದ ಒಂದು ನಕ್ಷತ್ರ ಉದಯಿಸುವುದೆಂದು ಅವನು ನುಡಿದ ಭವಿಷ್ಯವನ್ನು ನಂಬಿ ಕ್ರಿ.ಶ. 132ರಲ್ಲಿ ರೋಮಿನ ವಿರುದ್ಧ ದಂಗೆಯೆದ್ದ ನಾಯಕನಿಗೆ ‘ನಕ್ಷತ್ರದ ಮಗ’, ಅಂದರೆ ಬಾರ್ ಕೋಖ್ಬಾ ಎಂಬ ಹೆಸರೇ ಬಂತು.

ಆದರೆ ಕೆಲವು ಪುಟ ತಿರುವಿದರೆ ಗಾಳಿ ಬದಲಾಗುತ್ತದೆ. 25ನೆಯ ಅಧ್ಯಾಯದಲ್ಲಿ ಇಸ್ರಾಯೇಲ್ಯರು ಮೋವಾಬಿನ ಹೆಂಗಸರ ಸಹವಾಸಕ್ಕೆ ಬಿದ್ದು ಅನ್ಯದೇವರಿಗೆ ಅಡ್ಡಬೀಳುತ್ತಾರೆ, ವ್ಯಾಧಿ ಬಂದು 24,000 ಮಂದಿ ಸಾಯುತ್ತಾರೆ. ಅಲ್ಲಿ ಬಿಳಾಮನ ಸುದ್ದಿಯೇ ಇಲ್ಲ. 31ನೆಯ ಅಧ್ಯಾಯಕ್ಕೆ ಬಂದಾಗ ಮಾತ್ರ ಅದೆಲ್ಲ ಬಿಳಾಮನ ಸಲಹೆಯಿಂದ ಆದದ್ದೆಂಬ ಮಾತು ಬರುತ್ತದೆ, ಅವನು ಕತ್ತಿಗೆ ಬಲಿಯಾದ ಸುದ್ದಿಯೂ ಬರುತ್ತದೆ. ಯೆಹೋಶುವನ ಗ್ರಂಥದಲ್ಲಿ ಅವನಿಗೆ ‘ಕೊಸೇಮ್’, ಎಂದರೆ ಕಣಿ ಹೇಳುವವನು ಎಂಬ ಪಟ್ಟ. ಹೊಸ ಒಡಂಬಡಿಕೆಯ ಪೇತ್ರನ ಎರಡನೆಯ ಪತ್ರದಲ್ಲಿ ಅವನು ಅಧರ್ಮದ ಕೂಲಿಗೆ ಆಸೆಪಟ್ಟವನು. ಮಿಶ್ನಾ ಎಂಬ ಯಹೂದಿ ಧರ್ಮಶಾಸ್ತ್ರದ ಪ್ರಕಾರ ಪರಲೋಕದಲ್ಲಿ ಪಾಲಿಲ್ಲದ ನಾಲ್ವರು ಸಾಮಾನ್ಯರಲ್ಲಿ ಅವನೂ ಒಬ್ಬ.

ಮನುಷ್ಯ ಕೆಟ್ಟವನೆಂದು ತೀರ್ಮಾನವಾದ ಮೇಲೆ ಅವನ ಹೆಸರಿನಲ್ಲೂ ಕೆಟ್ಟದ್ದು ಕಾಣತೊಡಗುತ್ತದೆ. ಬಾಬಿಲೋನಿನ ತಾಲ್ಮೂದಿನ ಸನ್ಹೆದ್ರಿನ್ ಭಾಗದಲ್ಲಿ ಈ ಹೆಸರನ್ನು ಒಡೆದು ಅರ್ಥ ಹೇಳಿದ್ದಾರೆ. ಹೀಬ್ರೂವಿನಲ್ಲಿ ‘ಅಮ್’ ಎಂದರೆ ಜನ, ‘ಬೆಲೋ’ ಎಂದರೆ ಇಲ್ಲದೆ. ಹಾಗಾಗಿ ಬಿಲ್‌ಆಮ್ ಎಂದರೆ ‘ಬೆಲೋ ಅಮ್’, ಜನವಿಲ್ಲದವನು. ಇಲ್ಲವೇ ಜನರನ್ನು ಹಾಳುಮಾಡಿದವನು. ‘ಬಲಅ’ ಎಂಬ ಧಾತುವಿಗೆ ನುಂಗು ಎಂಬ ಅರ್ಥ ಇರುವುದರಿಂದ ಜನರನ್ನು ನುಂಗಿದವನು ಎಂದು ಹೇಳಿದವರೂ ಇದ್ದಾರೆ. ತಂದೆಯ ಹೆಸರನ್ನೂ ಬಿಡಲಿಲ್ಲ. ಹೀಬ್ರೂವಿನ ‘ಬೆಈರ್’ ಎಂದರೆ ಪಶು. ಬೆಯೋರ್ ಎಂಬುದನ್ನು ಅದಕ್ಕೆ ಜೋಡಿಸಿ, ಇಲ್ಲಿ ಬರೆಯಲು ಸಂಕೋಚವಾಗುವ ಆರೋಪವೊಂದನ್ನು ಹೊರಿಸಿದ್ದಾರೆ. ಕ್ರಿಸ್ತಶಕದ ಮೊದಲ ಶತಮಾನದಲ್ಲಿ ಅಲೆಕ್ಸಾಂಡ್ರಿಯದಲ್ಲಿದ್ದ ಯಹೂದಿ ತತ್ತ್ವಜ್ಞಾನಿ ಫಿಲೋ ಈ ಹೆಸರಿಗೆ ‘ವ್ಯರ್ಥ ಜನ’ ಎಂದು ಅರ್ಥ ಕೊಟ್ಟ. ಬೈಬಲಿನ ಕೊನೆಯ ಗ್ರಂಥವಾದ ಪ್ರಕಟನೆಯಲ್ಲಿ ಬಿಳಾಮನ ಬೋಧನೆಯವರನ್ನೂ ನಿಕೊಲಾಯಿತರೆಂಬ ಪಂಗಡವನ್ನೂ ಅಕ್ಕಪಕ್ಕ ಹೆಸರಿಸಲಾಗಿದೆ. ಗ್ರೀಕಿನಲ್ಲಿ ‘ನಿಕಾ’ ಎಂದರೆ ಗೆಲ್ಲು, ‘ಲಾವೋಸ್’ ಎಂದರೆ ಜನ. ಹಾಗಾಗಿ ಆ ಹೆಸರು ಬಿಳಾಮನ ಹೆಸರಿನ ಗ್ರೀಕ್ ಅನುವಾದವೇ ಇರಬೇಕೆಂದು ಊಹಿಸಿದ ಪಂಡಿತರಿದ್ದಾರೆ.

ನ್ಯಾಯವಾಗಿ ಒಂದು ಮಾತು ಹೇಳಬೇಕು. ಯಹೂದಿ ಪರಂಪರೆ ಅವನನ್ನು ಬರೀ ಬೈಯಲಿಲ್ಲ. ಇಸ್ರಾಯೇಲರಲ್ಲಿ ಮೋಶೆಯಂತಹ ಪ್ರವಾದಿ ಮತ್ತೊಬ್ಬ ಹುಟ್ಟಲಿಲ್ಲ, ಆದರೆ ಇತರ ಜನಾಂಗಗಳಲ್ಲಿ ಹುಟ್ಟಿದ, ಅವನೇ ಬಿಲ್‌ಆಮ್ ಎಂಬ ಮಾತನ್ನೂ ಹಳೆಯ ರಬ್ಬಿಗಳೇ ಹೇಳಿದ್ದಾರೆ. ಅನ್ಯಜನರಿಗೆ ಕಳಿಸಲಾದ ಏಳು ಪ್ರವಾದಿಗಳ ಪಟ್ಟಿಯಲ್ಲಿ ಅವನೂ ಇದ್ದಾನೆ, ಅವನ ತಂದೆಯೂ ಇದ್ದಾನೆ.

ಈಗ ಭಾಷೆಯ ವಿಚಾರ. ಹೀಬ್ರೂ, ಅರಬಿ, ಅರಾಮಿಕ್ ಇವೆಲ್ಲ ಒಂದೇ ತಾಯಿಯ ಮಕ್ಕಳು. ಸಾಮಾನ್ಯವಾಗಿ ಮೂರು ವ್ಯಂಜನಗಳ ಧಾತುವಿನಿಂದ ಪದಗಳು ಹುಟ್ಟುತ್ತವೆ. ಬಾ, ಲಾಮ್, ಐನ್ ಈ ಮೂರು ಅಕ್ಷರಗಳಿಗೆ ಅರಬಿಯಲ್ಲೂ ನುಂಗುವುದೆಂದೇ ಅರ್ಥ. ಸೂರಃ ಹೂದ್‌ನಲ್ಲಿ ನೂಹ್(ಅ)ರ ಪ್ರಳಯ ಮುಗಿದಾಗ ಭೂಮಿಗೆ ನೀರನ್ನು ನುಂಗಲು ಆಜ್ಞೆಯಾಗುವುದು ಇದೇ ಧಾತುವಿನ ಕ್ರಿಯಾಪದದಿಂದ. ಹಾಗೆಂದು ಹೆಸರಿನಲ್ಲಿ ಈ ಧಾತು ಇದ್ದ ಕೂಡಲೇ ಅದು ಬೈಗುಳವಾಗುತ್ತದೆಯೇ? ಯಾಕೂಬ್(ಅ)ರ ಕಿರಿಯ ಮಗ ಬೆನ್ಯಾಮೀನ. ಅವನ ಹಿರಿಯ ಮಗನ ಹೆಸರು ‘ಬೆಲಅ’, ಇದೇ ಮೂರು ಅಕ್ಷರ. ಎದೋಮಿನ ಮೊದಲ ಅರಸನ ಹೆಸರೂ ಬೆಲಅ. ಸೋಜಿಗವೆಂದರೆ ಅವನ ತಂದೆಯ ಹೆಸರೂ ಬೆಯೋರ್. ಯಾವ ತಂದೆತಾಯಿಯೂ ಮಗುವಿಗೆ ಬೈಗುಳವನ್ನು ಹೆಸರಾಗಿ ಇಡುವುದಿಲ್ಲ.

ಇನ್ನೂ ಒಂದು ಸಾಕ್ಷ್ಯವಿದೆ. ಬೈಬಲಿನಲ್ಲಿ ‘ಇಬ್ಲೆಆಮ್’ ಎಂಬ ಊರೊಂದು ಬರುತ್ತದೆ. ಪೂರ್ವಕಾಲ ವೃತ್ತಾಂತದ ಮೊದಲನೆಯ ಗ್ರಂಥದಲ್ಲಿ ಅದೇ ಊರನ್ನು ‘ಬಿಲ್‌ಆಮ್’ ಎಂದೇ ಬರೆದಿದ್ದಾರೆ, ನಮ್ಮ ಬಿಳಾಮನ ಹೆಸರಿನ ಅಕ್ಷರಗಳಲ್ಲೇ. ಪ್ಯಾಲೆಸ್ಟೈನಿನ ಜೆನೀನ್ ಪಟ್ಟಣದ ಪಕ್ಕದಲ್ಲಿ ‘ಖಿರ್ಬತ್ ಬಲ್‌ಅಮಾ’ ಎಂಬ ಹಾಳು ದಿಬ್ಬವಿದೆ, ನೀರಿಗಾಗಿ ಬಂಡೆ ಕೊರೆದು ಮಾಡಿದ ಪುರಾತನ ಸುರಂಗವೂ ಇದೆ. ಅದೇ ಈ ಊರೆಂದು ಗುರುತಿಸಲಾಗಿದೆ. ಜನ ಸೇರಿ ಕಟ್ಟಿಕೊಂಡ ಊರಿಗೆ ‘ಜನವಿಲ್ಲದ್ದು’ ಎಂದು ಯಾರು ಹೆಸರಿಡುತ್ತಾರೆ?

ಇಂದಿನ ಭಾಷಾಪಂಡಿತರಲ್ಲಿ ಹಲವರು ಹೆಸರನ್ನು ಬೇರೆ ರೀತಿ ಒಡೆಯುತ್ತಾರೆ. ‘ಅಮ್’ ಎಂಬುದಕ್ಕೆ ಹೀಬ್ರೂವಿನಲ್ಲಿ ಜನ ಎಂಬ ಅರ್ಥವಿದ್ದರೂ ಅದರ ಹಳೆಯ ಅರ್ಥ ತಂದೆಯ ಕಡೆಯ ಬಂಧು. ಅರಬಿಯಲ್ಲಿ ಇಂದಿಗೂ ‘ಅಮ್ಮ್’ ಎಂದರೆ ಚಿಕ್ಕಪ್ಪ ಅಥವಾ ದೊಡ್ಡಪ್ಪ. ಆ ಕಾಲದ ಜನ ತಮ್ಮ ದೇವರನ್ನು ಕುಲದ ಹಿರಿಯ ಬಂಧುವೆಂದು ಭಾವಿಸಿ ಮಕ್ಕಳ ಹೆಸರಿನಲ್ಲಿ ‘ಅಮ್ಮು’ ಎಂದು ಸೇರಿಸುತ್ತಿದ್ದರು. ಬಾಬಿಲೋನಿನ ಪ್ರಸಿದ್ಧ ದೊರೆ ಹಮ್ಮುರಬಿಯ ಹೆಸರಿನ ಮೊದಲ ಭಾಗ ಇದೇ ಎಂದು ಪಂಡಿತರು ಹೇಳುತ್ತಾರೆ. ಬೈಬಲಿನ ಅಮ್ಮೀನಾದಾಬ್, ಅಮ್ಮೀಯೇಲ್ ಹೆಸರುಗಳಲ್ಲಿಯೂ ಅದಿದೆ. ಅಮೆರಿಕದ ವಿದ್ವಾಂಸ ಆಲ್‌ಬ್ರೈಟ್ ಬಿಳಾಮನ ಹೆಸರು ಮೊದಲಿಗೆ ‘ಯಬಿಲ್-ಅಮ್ಮು’, ಅಂದರೆ ‘ಬಂಧುವಾದ ದೇವರು ತರುತ್ತಾನೆ’ ಎಂದಿದ್ದಿರಬೇಕೆಂದರು. ‘ಬೇಲ್’ ಅಥವಾ ‘ಬಅಲ್’ ಎಂಬ ದೇವರ ಹೆಸರನ್ನು ಸೇರಿಸಿ, ‘ಒಡೆಯನು ನನ್ನ ಬಂಧು’ ಎಂದು ಬಿಡಿಸಿದವರಿದ್ದಾರೆ. ‘ಬಲಅ’ ಧಾತುವಿಗೆ ಕೊನೆಯಲ್ಲಿ ಬರೀ ಒಂದು ‘ಆಮ್’ ಪ್ರತ್ಯಯ ಅಷ್ಟೇ ಎಂದವರೂ ಇದ್ದಾರೆ. ಇವುಗಳಲ್ಲಿ ಇದೇ ಸರಿ ಎಂಬ ಒಮ್ಮತ ಇಲ್ಲ. ನಮಗೇನೋ ಬಂಧುವಿನ ಅರ್ಥವೇ ಒಪ್ಪಿಗೆಯಾಗುತ್ತದೆ. ಆಗ ಒಂದು ವಿಚಿತ್ರ ಕಾಣುತ್ತದೆ. ಯಾವ ‘ಅಮ್’ ಹಿಡಿದು ತಂದೆತಾಯಿ ಮಗುವನ್ನು ಬಂಧುಬಳಗಕ್ಕೆ ಸೇರಿಸಿದ್ದರೋ ಅದೇ ‘ಅಮ್’ ಹಿಡಿದು ವಿರೋಧಿಗಳು ಅವನನ್ನು ಜನದಿಂದ ಹೊರಗೆ ಹಾಕಿದರು.

ಧ್ವನಿ ಹೋಲುತ್ತದೆಂದು ಅರ್ಥ ಕೂಡಿಸುವುದು ಎಷ್ಟು ಅಪಾಯವೆಂಬುದು ಮದರಸಾದಲ್ಲಿ ಓದಿದವರಿಗೆಲ್ಲ ಗೊತ್ತಿರುವ ಸಂಗತಿ. ಕುರ್‌ಆನಿನ ಕೊನೆಯ ಭಾಗವನ್ನು ನಾವು ‘ಅಮ್ಮ ಪಾರಾ’ ಎನ್ನುತ್ತೇವೆ. ಅಲ್ಲೂ ಐನ್ ಇದೆ, ಮೀಮ್ ಇದೆ. ಆದರೆ ಅದಕ್ಕೂ ಚಿಕ್ಕಪ್ಪನಿಗೂ ಸಂಬಂಧವಿಲ್ಲ, ಕನ್ನಡದ ಅಮ್ಮನಿಗಂತೂ ಮೊದಲೇ ಇಲ್ಲ. ‘ಯಾವುದರ ಕುರಿತು’ ಎಂಬ ಎರಡು ಪದಗಳು ಕೂಡಿ ಆದ ರೂಪ ಅದು.

ಇಂಥದ್ದೇ ಇನ್ನೊಂದು ಜೋಡಣೆ ನಮ್ಮವರಲ್ಲೂ ನಡೆದಿದೆ. ಜಮಖ್ಶರಿ, ಬೈದಾವಿಯಂತಹ ಮುಫಸ್ಸಿರರು ಹಕೀಮ್ ಲುಕ್ಮಾನರ ತಂದೆಯ ಹೆಸರನ್ನು ‘ಬಾಊರಾ’ ಎಂದು ಕೊಟ್ಟಿದ್ದಾರೆ. ಬಲ್‌ಅಮನ ತಂದೆಯೂ ಬಾಊರಾ. ಮೇಲಾಗಿ ಲಾಮ್, ಕಾಫ್, ಮೀಮ್ ಧಾತುವಿನ ಅರ್ಥವೂ ನುಂಗುವುದೇ. ತುತ್ತಿಗೆ ನಾವು ಲುಕ್ಮಾ ಎನ್ನುವುದು ಅದರಿಂದಲೇ. ನಮಾಜಿನಲ್ಲಿ ಇಮಾಮರು ಆಯತ್ ಮರೆತಾಗ ಹಿಂದಿನಿಂದ ನೆನಪಿಸುವುದಕ್ಕೂ ‘ಲುಕ್ಮಾ ಕೊಡುವುದು’ ಎನ್ನುತ್ತೇವೆ. ಹನ್ನೆರಡನೆಯ ಶತಮಾನದ ಆರಂಭದಲ್ಲಿ ಸ್ಪೇನಿನಲ್ಲಿ ಯಹೂದಿ ಧರ್ಮದಿಂದ ಕ್ರೈಸ್ತನಾದ ಪೆತ್ರುಸ್ ಅಲ್ಫೋನ್ಸಿ, ಅರಬಿಯಲ್ಲಿ ಲುಕ್ಮಾನ್ ಎನ್ನಲಾಗುವವನೇ ಬಿಳಾಮ ಎಂದು ಬರೆದುಬಿಟ್ಟ. ಹತ್ತೊಂಬತ್ತನೆಯ ಶತಮಾನದ ಐರೋಪ್ಯ ಪಂಡಿತರಲ್ಲೂ ಕೆಲವರು ಇದನ್ನು ಎತ್ತಿಹಿಡಿದರು. ನಮಗೆ ಇದು ಗಟ್ಟಿಯೆನಿಸುವುದಿಲ್ಲ. ಇಸ್ಲಾಮಿಗೂ ಮೊದಲಿನ ಅರಬರಲ್ಲಿ ದೀರ್ಘಾಯುಷಿ ಲುಕ್ಮಾನನ ಕತೆಗಳು ಬೇರೆಯೇ ಇದ್ದವು. ಆದರೂ ಒಂದೇ ಅರ್ಥದ ಎರಡು ಹೆಸರುಗಳಲ್ಲಿ ಒಂದು ವಿವೇಕಿಯದ್ದಾಗಿ ಮಕ್ಕಳಿಗೆ ಇಡುವಂಥದ್ದಾಯಿತು, ಇನ್ನೊಂದು ಯಾರೂ ಇಡದ ಹೆಸರಾಯಿತು ಎಂಬುದನ್ನು ಗಮನಿಸದೆ ಇರಲಾಗುವುದಿಲ್ಲ.

ಇನ್ನು ಉಸ್ತಾದರ ಪ್ರಶ್ನೆಗೆ ಬರೋಣ. ಸೂರಃ ಅಲ್-ಅಅರಾಫ್‌ನ 175 ಮತ್ತು 176ನೆಯ ಆಯತ್‌ಗಳಲ್ಲಿ ಒಬ್ಬ ಮನುಷ್ಯನ ಪ್ರಸ್ತಾಪವಿದೆ. ಅವನಿಗೆ ಅಲ್ಲಾಹನ ನಿದರ್ಶನಗಳು ದೊರೆತಿದ್ದವು, ಅವನು ಅವುಗಳಿಂದ ಕಳಚಿಕೊಂಡು ಹೊರಬಿದ್ದ, ನೆಲಕ್ಕೆ ಅಂಟಿಕೊಂಡ. ಅಟ್ಟಿದರೂ ಬಿಟ್ಟರೂ ನಾಲಗೆ ಚಾಚಿ ಏದುಸಿರು ಬಿಡುವ ನಾಯಿಗೆ ಅವನನ್ನು ಹೋಲಿಸಲಾಗಿದೆ. ಹೆಸರಿಲ್ಲ, ಊರಿಲ್ಲ, ಕಾಲವಿಲ್ಲ. ತಬರಿ (ನಿಧನ 923) ಮತ್ತು ಇಬ್ನ್ ಕಸೀರ್ (ನಿಧನ 1373) ತಮ್ಮ ತಫ್ಸೀರ್‌ಗಳಲ್ಲಿ ಹಲವು ರಿವಾಯತ್‌ಗಳನ್ನು ಕೊಡುತ್ತಾರೆ. ಬಲ್‌ಅಮ್ ಬಿನ್ ಬಾಊರಾ ಎಂಬುದು ಹೆಚ್ಚು ಪ್ರಚಲಿತ. ತಾಇಫಿನ ಕವಿ ಉಮಯ್ಯಾ ಬಿನ್ ಅಬಿಸ್ಸಲ್ತ್ ಎಂದು ಹೇಳಿದವರಿದ್ದಾರೆ. ಮದೀನದ ಅಬೂ ಆಮಿರ್ ಎಂದವರೂ ಇದ್ದಾರೆ. ತಾಬಿಯೀನ್‌ಗಳಲ್ಲಿ ಒಬ್ಬರಾದ ಕತಾದಾ ಮಾತ್ರ, ಸನ್ಮಾರ್ಗ ಎದುರಿಗೆ ಬಂದಾಗ ಅದನ್ನು ಒಪ್ಪದ ಯಾರಿಗಾದರೂ ಇದು ಉಪಮೆ ಎಂದುಬಿಟ್ಟರು. ಜನಪ್ರಿಯವಾದದ್ದು ಮೊದಲನೆಯದು. ಅದರಲ್ಲಿ ಕತೆಯಿದೆ: ಇಸ್ಮೆ ಅಅಜಮ್ ಬಲ್ಲ ಬಲ್‌ಅಮ್, ಹುಸ್ಬಾನ್ ಬೆಟ್ಟ ಹತ್ತಲೊಲ್ಲದ ಕತ್ತೆ, ಶಪಿಸಹೋದಾಗ ಎದೆಯವರೆಗೆ ಜೋತುಬಿದ್ದ ನಾಲಗೆ. ರೂಮಿ ತಮ್ಮ ಮಸ್ನವಿಯಲ್ಲಿ ಅವನನ್ನು ಇಬ್ಲೀಸನ ಪಕ್ಕದಲ್ಲೇ ನಿಲ್ಲಿಸಿದರು. ಗುಹಾವಾಸಿಗಳ ನಾಯಿ ಬಲ್‌ಅಮನ ರೂಪದಲ್ಲಿ ಸ್ವರ್ಗಕ್ಕೆ ಹೋಗುತ್ತದೆ, ಬಲ್‌ಅಮ್ ಆ ನಾಯಿಯ ರೂಪದಲ್ಲಿ ನರಕಕ್ಕೆ ಹೋಗುತ್ತಾನೆ ಎಂಬುದನ್ನು ನಾವು ಚಿಕ್ಕಂದಿನಲ್ಲಿ ವಅಜ್‌ಗಳಲ್ಲಿ ಕೇಳಿ ನಡುಗಿದ್ದೇವೆ.

ಇಷ್ಟು ಕಾಲವೂ ಬಿಳಾಮನ ಬಗ್ಗೆ ಮಾತಾಡಿದವರೆಲ್ಲ ಅವನ ಜನರಲ್ಲ. ಅವನ ಕಡೆಯವರ ಮಾತು ಕೇಳಿಸಿದ್ದು 1967ರಲ್ಲಿ. ಜೋರ್ಡನ್ ಕಣಿವೆಯಲ್ಲಿ ಜರ್ಕಾ ನದಿಯ ಸಮೀಪ ದೇರ್ ಅಲ್ಲಾ ಎಂಬ ದಿಬ್ಬವಿದೆ. ಡಚ್ ಪುರಾತತ್ವಜ್ಞ ಹೆಂಕ್ ಫ್ರಾಂಕನ್ 1960ರಿಂದ ಅಲ್ಲಿ ಅಗೆಸುತ್ತಿದ್ದರು. ಅವರ ಆಸಕ್ತಿ ಇದ್ದದ್ದು ಮಡಕೆ ಚೂರುಗಳಲ್ಲಿ. 1967ರ ವಸಂತದಲ್ಲಿ, ಜೂನ್ ಯುದ್ಧಕ್ಕೆ ಕೆಲವೇ ತಿಂಗಳು ಮುಂಚೆ, ಭೂಕಂಪದಲ್ಲಿ ಕುಸಿದ ಕಟ್ಟಡವೊಂದರ ಮಣ್ಣಿನಲ್ಲಿ ಗಾರೆಯ ತುಣುಕುಗಳು ಸಿಕ್ಕವು. ಅವುಗಳ ಮೇಲೆ ಕಪ್ಪು ಮತ್ತು ಕೆಂಪು ಶಾಯಿಯ ಬರಹವಿತ್ತು. ತುಣುಕುಗಳನ್ನು ಜೋಡಿಸಿ ಓದಿ ಹಾಫ್‌ಟೈಜರ್ ಮತ್ತು ವಾನ್ ದೆರ್ ಕೊಯ್ ಪುಸ್ತಕ ಪ್ರಕಟಿಸುವಷ್ಟರಲ್ಲಿ 1976 ಆಗಿತ್ತು. ಕಾಲ ಸುಮಾರು ಕ್ರಿ.ಪೂ. 800. ಭಾಷೆ ಅರಾಮಿಕ್‌ಗೆ ಹತ್ತಿರವೋ ಕಾನಾನಿನದಕ್ಕೆ ಹತ್ತಿರವೋ ಎಂದು ಈಗಲೂ ಚರ್ಚೆಯಿದೆ. ಆದರೆ ಕೆಂಪು ಶಾಯಿಯ ಆರಂಭದಲ್ಲಿ ಇದ್ದ ಹೆಸರಿನ ಬಗ್ಗೆ ಯಾರಿಗೂ ಸಂಶಯವಿಲ್ಲ: ಬಾ, ಲಾಮ್, ಐನ್, ಮೀಮ್. ಬೆಯೋರನ ಮಗ ಬಲ್‌ಅಮ್, ದೇವತೆಗಳನ್ನು ಕಾಣುವ ದರ್ಶಿ.

ಆ ಬರಹದಲ್ಲಿ ಶಾಪವೂ ಇಲ್ಲ, ಬಾಲಾಕನೂ ಇಲ್ಲ, ಇಸ್ರಾಯೇಲ್ಯರ ಸುದ್ದಿಯೂ ಇಲ್ಲ. ರಾತ್ರಿ ದೇವತೆಗಳು ಅವನ ಬಳಿ ಬಂದು ಮುಂದೆ ಬರಲಿರುವ ಅನಾಹುತವನ್ನು ತಿಳಿಸುತ್ತಾರೆ. ಬೆಳಗಾದ ಮೇಲೆ ಅವನು ಉಪವಾಸ ಕುಳಿತು ಬಿಕ್ಕಿಬಿಕ್ಕಿ ಅಳುತ್ತಾನೆ. ಅವನ ಜನ ಅವನ ಬಳಿಗೆ ಬಂದು, ಏಕೆ ಊಟ ಬಿಟ್ಟೆ, ಏಕೆ ಅಳುತ್ತಿದ್ದೀಯೆ ಎಂದು ಕೇಳುತ್ತಾರೆ. ಕೂತುಕೊಳ್ಳಿ ಹೇಳುತ್ತೇನೆ ಎಂದು ಅವನು ತಿಳಿಸುತ್ತಾನೆ: ದೇವಸಭೆ ಸೇರಿದೆ, ಆಕಾಶ ಮುಚ್ಚಿ ಕತ್ತಲಾಗಲಿದೆ, ಪುಟ್ಟ ಹಕ್ಕಿ ಹದ್ದನ್ನು ಹೀಯಾಳಿಸುವಂತೆ ಎಲ್ಲವೂ ತಲೆಕೆಳಗಾಗಲಿದೆ. ಮುಂದಿನದ್ದು ಚೂರುಚೂರಾಗಿ ಹೋಗಿದೆ. ಅವನು ಅನೇಕ ದೇವರನ್ನು ನಂಬುವ ಸಮಾಜದ ದರ್ಶಿ, ನಮ್ಮ ತೌಹೀದಿನ ಪ್ರವಾದಿಯಲ್ಲ, ಅದನ್ನು ಮರೆಮಾಚಬೇಕಾಗಿಲ್ಲ. ಆದರೆ ತಾಲ್ಮೂದು ‘ಜನವಿಲ್ಲದವನು’ ಎಂದವನ ಸುತ್ತ ಇಲ್ಲಿ ಜನ ಕೂತಿದ್ದಾರೆ. ಅವರಿಗೆ ಬರಲಿರುವ ಕಷ್ಟಕ್ಕೆ ಅವನು ಅಳುತ್ತಿದ್ದಾನೆ.

ಊರಿನ ವಿಷಯದಲ್ಲೂ ಒಂದು ಕುತೂಹಲವಿದೆ. ಬೈಬಲಿನ ಪೆತೋರ್ ಯೂಫ್ರೆಟಿಸ್ ದಡದ್ದೆಂದು ಸಾಮಾನ್ಯವಾಗಿ ಹೇಳುತ್ತಾರೆ; ಅಸ್ಸೀರಿಯದ ಶಾಸನಗಳಲ್ಲಿ ಅಲ್ಲಿನ ‘ಪಿತ್ರು’ ಎಂಬ ಊರಿನ ಹೆಸರಿದೆ. ಅಲ್ಲಿಂದ ಮೋವಾಬಿಗೆ ಕತ್ತೆಯ ಮೇಲೆ ವಾರಗಳ ಪ್ರಯಾಣ, ಅದೂ ದೂತರು ಎರಡೆರಡು ಸಲ ಹೋಗಿಬಂದ ಮೇಲೆ. ಆದರೆ ಸಮಾರ್ಯರ ತೌರಾತಿನಲ್ಲಿ, ಸಿರಿಯಾಕ್ ಮತ್ತು ಲ್ಯಾಟಿನ್ ಅನುವಾದಗಳಲ್ಲಿ ಅವನ ನಾಡು ‘ಅಮ್ಮೋನ್’ ಎಂದಿದೆ. ಇಂದಿನ ಅಮ್ಮಾನ್ ನಗರದ ಹೆಸರು ಉಳಿಸಿಕೊಂಡಿರುವುದು ಅದನ್ನೇ. ದೇರ್ ಅಲ್ಲಾ ಅಲ್ಲಿಂದ ದೂರವಿಲ್ಲ. ಇಬ್ನ್ ಕಸೀರ್ ಕೊಡುವ ರಿವಾಯತ್‌ಗಳಲ್ಲಿ ಒಂದು ಕಅಬ್‌ರದು. ಅದರ ಪ್ರಕಾರ ಬಲ್‌ಅಮ್ ‘ಬಲ್ಕಾ’ ಪ್ರದೇಶದವನು. ಇಂದಿನ ಜೋರ್ಡನ್ ನಕ್ಷೆ ತೆಗೆದು ನೋಡಿದರೆ ದೇರ್ ಅಲ್ಲಾ ಇರುವುದು ಬಲ್ಕಾ ಪ್ರಾಂತದಲ್ಲಿ. ಇದನ್ನು ಪವಾಡವೆಂದು ಕುಣಿದಾಡಬೇಕಾಗಿಲ್ಲ. ಇಸ್ರಾಯೇಲ್ಯರು ಬೀಡುಬಿಟ್ಟ ಬಯಲೂ ಆ ಕಡೆಯದ್ದೇ ಆದ್ದರಿಂದ ಹಾಗೆ ಹೇಳಿರಬಹುದು. ಆದರೂ ನಕ್ಷೆಯ ಮೇಲೆ ಬೆರಳಿಟ್ಟಾಗ ನಮಗೆ ಸಂತೋಷವಾದದ್ದು ನಿಜ.

ಉಸ್ತಾದರು ಈಗಿಲ್ಲ. ಇದ್ದಿದ್ದರೆ ದೇರ್ ಅಲ್ಲಾದ ಸುದ್ದಿಯನ್ನು ಅವರ ಮುಂದಿಡಬೇಕೆಂದಿತ್ತು. ಕತೆ ಸಂಕಲನಕ್ಕೆ ಹೋಗುವಾಗ ಮುದುಕನ ಬಾಯಿಂದ ಆ ಹೆಸರನ್ನು ತೆಗೆದುಹಾಕಿದೆವು. ಈಗಿನ ಪಾಠದಲ್ಲಿ ಅವನು ಏನನ್ನೂ ಹೇಳದೆ ಎದ್ದು ಹೋಗುತ್ತಾನೆ. ಹೆಸರು ಬೇಕಿತ್ತು, ಇಲ್ಲದೆ ಸಪ್ಪೆಯಾಯಿತು ಎಂದು ಇಬ್ಬರು ಓದುಗರು ಪತ್ರ ಬರೆದಿದ್ದರು.